ಮುಯ್ಯಿ ಕವರು

ದುಡ್ಡು ಕೇಳಲು ನಾಚುವವರು ಯಾವ ಕಸುಬಿಗೂ ಲಾಯಕ್ಕಲ್ಲ ಎಂದು ನಾನು ಊರಿಗೆಲ್ಲ ಉಪದೇಶ ಮಾಡಬಲ್ಲೆ. ಆದರೆ ನಿಮ್ಮ ಹತ್ತಿರ ಮುಚ್ಚಿಡುವುದೇನು, ಎದುರಿಗೆ ಕುಳಿತವರು ಕೊಟ್ಟ ನೋಟನ್ನು ಎಣಿಸಲು ನನಗೇ ಕೈ ಬರುವುದಿಲ್ಲ. ಗುಂಡ್ಲುಪೇಟೆಯ ಈ ಬಾಡಿಗೆ ಮನೆಯಲ್ಲಿ ಹನ್ನೆರಡು ವರ್ಷದಿಂದ ಒಬ್ಬಳೇ ಇದ್ದೇನೆ. ಅಕ್ಕಪಕ್ಕದವರಿಗೆ ನಾನು ಬ್ಲೌಸ್ ಹೊಲಿಯುವವಳು. ಅದೇನೂ ಸುಳ್ಳಲ್ಲ, ಹೊಲಿಯುತ್ತೇನೆ. ಅದರ ಜೊತೆಗೆ, ಫೋನು ಮಾಡಿ ಬರುವ ಕೆಲವು ಗಂಡಸರು ದುಡ್ಡು ಕೊಟ್ಟು ನನ್ನೊಡನೆ ಮಧ್ಯಾಹ್ನ ಕಳೆದು ಹೋಗುತ್ತಾರೆ. ನಡುವೆ ದಲ್ಲಾಳಿ ಇಲ್ಲ. ಯಜಮಾನಿಯೂ ನಾನೇ, ಆಳೂ ನಾನೇ.

ಯಜಮಾನಿಕೆ ಅಂದ ಮೇಲೆ ಕಾಯಿದೆ ಬೇಡವೇ? ಬಂದವರು ಕೂರುವ ಮೊದಲೇ ದುಡ್ಡಿನ ಕವರನ್ನು ಟಿವಿ ಪಕ್ಕ ಇಡಬೇಕು, ಕೈಗೆ ಕೊಡಕೂಡದು. ಅವರೆದುರು ನಾನು ಅದನ್ನು ಬಿಚ್ಚುವುದಿಲ್ಲ. ನಾನಾಗಿ ಯಾರಿಗೂ ಫೋನು ಮಾಡುವುದಿಲ್ಲ. ಫೋನಿನಲ್ಲೇ ದುಡ್ಡು ಹಾಕುವುದನ್ನು ಒಂದೇ ಒಂದು ಸಲ ಒಪ್ಪಿದ್ದೆ. ಹರದನಹಳ್ಳಿಯ ಆ ಪುಣ್ಯಾತ್ಮ ಜಾಣತನ ಮಾಡಿ ಅದರಲ್ಲಿ 'ಬ್ಲೌಸ್ ಹೊಲಿಗೆ' ಎಂದು ಬರೆದ. ವಾರದೊಳಗೆ ಅವನ ಹೆಂಡತಿ ಆರು ಬ್ಲೌಸ್ ಪೀಸು ಹಿಡಿದು ಬಾಗಿಲಿಗೆ ಬಂದಳು. "ನಮ್ ಯಜಮಾನ್ರು ಅಡ್ವಾನ್ಸು ಆಕವ್ರೆ ಕಣಕ್ಕ, ಒಲ್ಕೊಡು." ಆರನ್ನೂ ಹೊಲಿದುಕೊಟ್ಟೆ. ಒಳ್ಳೆಯ ಹೆಂಗಸು, ತೋಳಿನ ಅಳತೆ ಇಂದಿಗೂ ನೆನಪಿದೆ.

ಎರಡು ವರ್ಷದಿಂದ ಬರುತ್ತಿದ್ದ ಅರಿಶಿನದ ವ್ಯಾಪಾರಿಯೊಬ್ಬರು ತಮ್ಮ ಹೆಸರು ರಮೇಶ ಎಂದಿದ್ದರು. ಐವತ್ತು ದಾಟಿದವರು, ಹಣೆ ತುಂಬ ವಿಭೂತಿ. ಹೆಸರು ಸುಳ್ಳೆಂದು ನನಗೆ ಗೊತ್ತಿತ್ತು. ಕರೆದರೆ ತಿರುಗಿ ನೋಡಲು ಅವರಿಗೆ ಒಂದು ಗಳಿಗೆ ಬೇಕಾಗುತ್ತಿತ್ತು. ಒಂದು ಭಾನುವಾರ ಚಾಮರಾಜನಗರದಲ್ಲಿ ಮದುವೆ ಊಟ ಮುಗಿಸಿ, ಬೀಡಾ ಅಗಿಯುತ್ತಲೇ ಬಂದರು. ಟಿವಿ ಪಕ್ಕ ಕವರು ಇಟ್ಟರು. ಒಂದು ರೂಪಾಯಿ ನಾಣ್ಯ ಅಂಟಿಸಿದ, ಮದುವೆಗೆ ಮುಯ್ಯಿ ಹಾಕುವ ಗುಲಾಬಿ ಕವರು. ಯಾವಾಗಲೂ ಅಂಥದ್ದರಲ್ಲೇ ತರುತ್ತಿದ್ದರು.

ಅವರು ಹೋದ ಮೇಲೆ ಬಿಚ್ಚಿದೆ. ಐದು ಸಾವಿರ ಇರಬೇಕಾದ ಜಾಗದಲ್ಲಿ ನೂರರ ಒಂದು ನೋಟು! ಹೊರಗಿನ ನಾಣ್ಯ ಸೇರಿ ನೂರ ಒಂದು. ಮೈಯೆಲ್ಲ ಉರಿದುಹೋಯಿತು. ನನ್ನ ಬೆಲೆ ಇಷ್ಟೇ ಎಂದು ತೀರ್ಪು ಕೊಟ್ಟು ಹೋದನಲ್ಲ ಎಂದು ಅತ್ತೂಬಿಟ್ಟೆ. ಕಣ್ಣೊರೆಸಿಕೊಂಡು ಕವರು ತಿರುಗಿಸಿದರೆ ಹಿಂದೆ ದುಂಡು ಅಕ್ಷರದಲ್ಲಿ ಬರೆದಿತ್ತು: 'ವಧೂವರರಿಗೆ ಶುಭಾಶಯ. ಗೌರಮ್ಮ, ಮಹದೇವಪ್ಪ ಮತ್ತು ಮಕ್ಕಳು, ಚಂದಕವಾಡಿ.' ಒಂದೇ ಜೇಬಿನಲ್ಲಿ ಎರಡು ಕವರು! ಮಹಾನುಭಾವರು ನನ್ನ ಐದು ಸಾವಿರವನ್ನು ಮದುಮಕ್ಕಳಿಗೆ ಕೊಟ್ಟು, ಮುಯ್ಯಿಯನ್ನು ನನಗೆ ಓದಿಸಿದ್ದರು.

ಈಗ ಏನು ಮಾಡುವುದು? ಹೆಸರು, ಊರು, ಹೆಂಡತಿಯ ಹೆಸರು, ಎಲ್ಲ ಕೈಯಲ್ಲಿದೆ. ಆದರೆ ಹುಡುಕಿಕೊಂಡು ಹೋದರೆ ಹನ್ನೆರಡು ವರ್ಷ ಕಾಪಾಡಿಕೊಂಡ ನನ್ನ ಮರ್ಯಾದೆ ಅಲ್ಲೇ ಮಣ್ಣುಪಾಲು. ಹೋಗದಿದ್ದರೆ ಆ ತಿಂಗಳ ಬಾಡಿಗೆ ಇಲ್ಲ. ಮೂರು ದಿನ ಫೋನು ಎತ್ತಿದೆ, ಇಟ್ಟೆ, ಮತ್ತೆ ಎತ್ತಿದೆ. ಮಾಡಲಿಲ್ಲ.

ನಾಲ್ಕನೆಯ ದಿನ ಅವರದೇ ಫೋನು ಬಂತು. "ಅಮ್ಮಿ, ಆ ಕವರು ಮಡ್ಗಿದ್ದೀಯಾ, ಬಿಸಾಕ್ಬುಟ್ಯಾ?"

"ಮಡಗಿದ್ದೇನೆ, ಬನ್ನಿ ಮಹದೇವಪ್ಪನವರೇ" ಎಂದೆ. ಈ ಹೆಸರಿಗೆ ಗಳಿಗೆಯೂ ಹಿಡಿಯಲಿಲ್ಲ, "ಬಂದೆ" ಎಂದವರು ಎರಡು ಗಂಟೆಯೊಳಗೆ ಬೆವರುತ್ತಾ ಬಾಗಿಲಲ್ಲಿದ್ದರು.

ಅದು ಅವರ ಷಡ್ಡಕನ ಮಗಳ ಮದುವೆಯಂತೆ. ಮುಯ್ಯಿ ಪುಸ್ತಕದಲ್ಲಿ ಗೌರಮ್ಮನ ಹೆಸರೇ ಇಲ್ಲವೆಂದು ಅವಳ ತಂಗಿ ನಾಲ್ಕು ಜನರೆದುರು ಅಂದಿದ್ದಾಳೆ. ತನ್ನ ಕೈಯಾರೆ ಬರೆದುಕೊಟ್ಟ ಕವರು ಎಲ್ಲಿ ಎಂದು ಗೌರಮ್ಮ ಗಂಡನ ಜೀವ ತಿನ್ನುತ್ತಿದ್ದಾಳೆ. ಹೆಸರಿಲ್ಲದ ಐದು ಸಾವಿರ ಕಂಡ ಷಡ್ಡಕ ಮಾತ್ರ, ಯಾರೋ ಎಮ್ಮೆಲ್ಲೆ ಕಡೆಯವರು ಬಂದುಹೋದರೆಂದು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದಾನೆ.

"ಆ ಐದು ಸಾವಿರ ನಮ್ಮದೇ ಅಂತ ಮನೆಯಲ್ಲಿ ಹೇಳಿಬಿಡಿ" ಎಂದೆ.

"ಏಳಂಗಿಲ್ಲ ಕಣಮ್ಮಿ! ಐದ್ ಸಾವ್ರ ಯಾರಿಗ್ ಮಡ್ಗಿದ್ದೆ ಅಂತಾಳೆ. ಈ ಕವರು ಕೊಡು, ಅಂಗಿ ಜೋಬಲ್ಲೇ ಉಳ್ಕಂಡಿತ್ತು ಅಂತೀನಿ. ತೆಪ್ಪಾಯ್ತು, ಏನೋ ಮಾಡ್ಬುಟ್ಟೆ."

ಕವರನ್ನು ಎತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಟಿವಿ ಪಕ್ಕದ ಜಾಗ ತೋರಿಸಿದೆ. ಅವರು ತೆಪ್ಪಗೆ ದುಡ್ಡು ಇಟ್ಟರು. ಆಮೇಲೆ ನಾನು ಜೀವಮಾನದಲ್ಲಿ ಮಾಡದ ಕೆಲಸ ಮಾಡಿದೆ. ಕುರ್ಚಿ ಎಳೆದು ಎದುರಿಗೇ ಕುಳಿತು, ಹೆಬ್ಬೆರಳು ನಾಲಿಗೆಗೆ ತಾಗಿಸಿ, ಐನೂರರ ಹತ್ತು ನೋಟನ್ನೂ ಗಟ್ಟಿಯಾಗಿ ಎಣಿಸಿದೆ. ಏಳರಲ್ಲಿ ಬೇಕೆಂತಲೇ ಲೆಕ್ಕ ತಪ್ಪಿಸಿ ಮತ್ತೆ ಒಂದರಿಂದ ಶುರುಮಾಡಿದೆ. ಆಹಾ, ಆ ಸುಖವನ್ನು ಏನೆಂದು ಹೇಳಲಿ! ನೂರ ಒಂದನ್ನು ಹಾಗೇ ಹಿಂದಿರುಗಿಸಿ, "ಸ್ವಂತ ಷಡ್ಡಕನ ಮಗಳಿಗೆ ಇಷ್ಟೇನಾ ಸ್ವಾಮೀ?" ಎಂದೂ ಕೇಳಿಬಿಟ್ಟೆ. ತಲೆ ತಗ್ಗಿಸಿ ಹೋದರು. ಗೆದ್ದೆ! ಇನ್ನು ಮೇಲೆ ಯಾರೇ ಬರಲಿ, ಎದುರಿಗೇ ಎಣಿಸುವುದು ಎಂದು ಅಂದೇ ಹೊಸ ಕಾಯಿದೆ ಮಾಡಿದೆ.

ಮರುವಾರ ಬಂಡೀಪುರದ ಕಡೆಯವರೊಬ್ಬರು ಬಂದು ಕವರು ಇಟ್ಟು ಕುಳಿತರು. ಕುರ್ಚಿ ಎಳೆದುಕೊಂಡೆ. ಅವರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಹಾಳಾದ ಕೈ ಏಳಲೇ ಇಲ್ಲ. "ಬಂದೆ" ಎಂದು ಕವರು ಎತ್ತಿಕೊಂಡು ಅಡಿಗೆಮನೆಗೆ ಓಡಿ, ನೋಟಿನ ಸದ್ದು ಕೇಳದಿರಲೆಂದು ಖಾಲಿ ಮಿಕ್ಸಿ ತಿರುಗಿಸಿ ಎಣಿಸಿದೆ. ಸರಿಯಾಗಿತ್ತು.

"ಏನಮ್ಮಿ ರುಬ್ತಿದ್ದೀಯ?" ಎಂದು ಒಳಗೆ ಕೇಳುವಂತೆ ಕೂಗಿದರು.

"ಚಟ್ನಿ" ಎಂದುಬಿಟ್ಟೆ.

ಹಸಿದು ಬಂದಿದ್ದರಂತೆ. ದೋಸೆಗೆ ಬೇರೆ ದುಡ್ಡು ಕೇಳಲು ಬಾಯಿ ಬರದೆ ನಾಲ್ಕು ಹುಯ್ದುಕೊಟ್ಟೆ.