ಕಳಚುವ ಹಿಡಿಕೆ, ಕಳಚದ ಕೈ

ಮಾರ್ಚ್ ತಿಂಗಳ ಎರಡನೆಯ ಭಾನುವಾರ, ಓಟ್ಸ್ ಗಂಜಿಯ ಬಟ್ಟಲಿನ ಮುಂದೆ ಕುಳಿತು, ಲೂಸಿಯನ್ ಇಡೀ ಮನುಕುಲದ ಭಾರ ಇಳಿಸುವುದಾಗಿ ಘೋಷಿಸಿದ.

"ಇನ್ನೊಂದೇ ವಾರ. ಆಮೇಲೆ ಈ ಪ್ರಪಂಚದಲ್ಲಿ ಯಾರೂ ಬಕೆಟ್ ಎತ್ತುವಾಗ ಅಯ್ಯೋ ಅನ್ನಬಾರದು, ಹಾಗೆ ಮಾಡ್ತೀನಿ."

"ಮೊದಲು ಆ ಬಟ್ಟಲು ಎತ್ತಿ ಸಿಂಕಿಗೆ ಹಾಕು," ಎಂದಳು ಅವನ ಹೆಂಡತಿ ಥೆಲ್ಮಾ.

ಘೋಷಣೆಗೆ ಕಾರಣವಿತ್ತು. ಅಮೆರಿಕದ ವರ್ಮಾಂಟಿನ ಆ ಗುಡ್ಡದ ಮೇಲೆ ಅವರಿಗೆ ನೂರ ಇಪ್ಪತ್ತು ಮೇಪಲ್ ಮರಗಳು. ಚಳಿ ಹಿಂದೆ ಸರಿಯುವ ನಾಲ್ಕೈದು ವಾರ ಮರಕ್ಕೊಂದು ತೂತು, ತೂತಿಗೊಂದು ಡಬ್ಬ. ಡಬ್ಬದಲ್ಲಿ ತೊಟ್ಟಿಕ್ಕಿದ ರಸವನ್ನು ಬಕೆಟ್ಟಿಗೆ ಬಗ್ಗಿಸಿಕೊಂಡು, ಹಿಮ ತುಳಿಯುತ್ತ ಪಾಕದ ಮನೆಗೆ ಹೊತ್ತು ತಂದು, ಕೊಪ್ಪರಿಗೆಯಲ್ಲಿ ಕುದಿಸಿ ಪಾಕ ಮಾಡಬೇಕು. ಮೂವತ್ತೆಂಟು ವರ್ಷದಿಂದ ಗಂಡ ಹೆಂಡತಿ ಜೊತೆಯಾಗಿಯೇ ಹೊತ್ತಿದ್ದರು. ಅಷ್ಟೇಕೆ, ಲೂಸಿಯನ್ ಅವಳನ್ನು ಮದುವೆಯಾಗುತ್ತೀಯಾ ಎಂದು ಕೇಳಿದ್ದೂ ಎರಡು ಕೈಯಲ್ಲಿ ಎರಡು ಬಕೆಟ್ ಹಿಡಿದುಕೊಂಡೇ. ಉಂಗುರವನ್ನು ಅವನ ಜೇಬಿನಿಂದ ಅವಳೇ ತೆಗೆದುಕೊಳ್ಳಬೇಕಾಯಿತು.

ಅಂಥ ಥೆಲ್ಮಾ ಹಿಂದಿನ ದಿನ, ಶನಿವಾರ, ಕೈಗವಸು ಕಳಚುತ್ತ, "ನನ್ನ ಮಣಿಕಟ್ಟು ಸೋತುಹೋಯ್ತು ಲೂಸಿಯನ್. ಬಕೆಟ್ ತಂತಿ ಬೆರಳು ಕತ್ತರಿಸುತ್ತೆ. ಮುಂದಿನ ವರ್ಷ ಎಲ್ಲರ ಹಾಗೆ ನಾವೂ ಪ್ಲಾಸ್ಟಿಕ್ ಪೈಪ್ ಎಳೆಸಿಬಿಡೋಣ. ರಸ ತಾನಾಗೇ ಹರ್ಕೊಂಡು ಬರುತ್ತೆ," ಎಂದಿದ್ದಳು.

ರಸವೇನೋ ಬರುತ್ತದೆ. ಆದರೆ ಆಮೇಲೆ ಮರದಿಂದ ಮರಕ್ಕೆ ಜಗಳವಾಡುತ್ತ ನಡೆಯುವವರು ಯಾರು? ಪೈಪು ಬಂದರೆ ಥೆಲ್ಮಾ ಅಡುಗೆಮನೆಯಲ್ಲಿ, ತಾನು ಒಂದು ಪಂಪಿನ ಮುಂದೆ. ಲೂಸಿಯನ್‌ಗೆ ಹೆದರಿಕೆಯಾದದ್ದು ಅದಕ್ಕೆ. ಅದನ್ನು ಬಾಯಿಬಿಟ್ಟು ಹೇಳುವ ಬದಲು ಅವನು ಉಪಕರಣಗಳ ಪೆಟ್ಟಿಗೆ ತೆರೆದ. ಮೂವತ್ತು ವರ್ಷ ಶಾಲಾ ಬಸ್ಸುಗಳನ್ನು ರಿಪೇರಿ ಮಾಡಿದವನು ಒಂದು ತಂತಿಗೆ ಸೋಲುವುದುಂಟೇ?

ತನ್ನ ಮಟ್ಟಿಗೆ ಅವನಿಗೆ ಯಾವ ಹಿಡಿಕೆಯೂ ಬೇಕಿರಲಿಲ್ಲ. ಅರವತ್ತೊಂಬತ್ತಾದರೂ ಅವನದು ಕಬ್ಬಿಣದ ಬೆನ್ನು, ಹಾಗೆಂದು ಅವನೇ ಊರೆಲ್ಲ ಹೇಳಿಕೊಂಡಿದ್ದ. ಮೂರು ಮರಕ್ಕೊಮ್ಮೆ ಬಕೆಟ್ ಇಳಿಸಿ, "ತಾಳು, ಲೇಸ್ ಬಿಚ್ಕೊಂಡಿದೆ," ಎಂದು ಬಗ್ಗಿ ಕೂತು ಸ್ವಲ್ಪ ನಿಧಾನವಾಗಿ ಕಟ್ಟಿಕೊಳ್ಳುತ್ತಿದ್ದ, ಅಷ್ಟೆ.

ಮಂಗಳವಾರದ ಹೊತ್ತಿಗೆ ಮೊದಲ ಹಿಡಿಕೆ ಸಿದ್ಧವಾಯಿತು. ಅಂಗೈ ತುಂಬುವ ಮರದ ತುಂಡು, ಅಡಿಯಲ್ಲಿ ಬಕೆಟ್ ತಂತಿ ಕೂರುವ ಕಚ್ಚು, ತಂತಿ ಜಾರದಂತೆ ಒಂದು ಕೊಂಡಿ. ಯಾವ ಬಕೆಟ್ಟಿಗಾದರೂ ಸಿಕ್ಕಿಸಬಹುದು, ಕೆಲಸವಾದ ಮೇಲೆ ಹೆಬ್ಬೆರಳಿನಿಂದ ಒತ್ತಿ ಕಳಚಬಹುದು. ಕಳಚುವ ವಿಷಯದಲ್ಲಿ ಅದಕ್ಕೆ ಸಾಟಿಯೇ ಇರಲಿಲ್ಲ. ಗುಡ್ಡದ ನೆತ್ತಿಯಲ್ಲಿ, ಯಾರೂ ಒತ್ತದೆ, ತಾನಾಗಿಯೇ ಕಳಚಿಕೊಂಡಿತು. ಅರ್ಧ ರಸ ಲೂಸಿಯನ್‌ನ ಮಂಡಿಯುದ್ದದ ರಬ್ಬರ್ ಬೂಟಿನೊಳಗೆ ಇಳಿಯಿತು. ಉಳಿದರ್ಧವನ್ನು ಹೊತ್ತುಕೊಂಡ ಬಕೆಟ್ ಮಂಜುಗಡ್ಡೆಯ ಮೇಲೆ ಜಾರುತ್ತ, ಅಂಚೆಪೆಟ್ಟಿಗೆಯ ಕಂಬಕ್ಕೆ ಡಿಕ್ಕಿ ಹೊಡೆದು ನಿಂತಿತು.

"ಹಿಡಿಕೆ ನಿನ್ನ ಕೈಯಲ್ಲೇ ಭದ್ರವಾಗಿದೆಯಲ್ಲ, ಅದೇ ಸಮಾಧಾನ," ಎಂದಳು ಥೆಲ್ಮಾ.

ಕೊಂಡಿಯನ್ನು ಬಿಗಿ ಮಾಡಿದ. ಆದರೆ ಈಗ ಮರದ ತುಂಡೇ ಕೈಗವಸಿನಲ್ಲಿ ಜಾರತೊಡಗಿತು. ಥೆಲ್ಮಾಳ ಬೆರಳುಗಳಿಗೆ ಸರಿಯಾಗಿ ಕೂರುವ ಅಚ್ಚು ಬೇಕಿತ್ತು. ಉಪಾಯ ಹೊಳೆದದ್ದು ಬುಧವಾರ, ಬಿಸಿ ಪಾಕವನ್ನು ಹಿಮದ ಮೇಲೆ ಸುರಿದು, ಆ ಊರಿನ ರೂಢಿಯಂತೆ ಉಪ್ಪುನೀರಿನಲ್ಲಿ ನೆನೆದ ಹುಳಿ ಸೌತೆಕಾಯಿ ಮತ್ತು ಡೋನಟ್ ಜೊತೆ ತಿನ್ನುತ್ತಿದ್ದಾಗ. ಹಿಮಕ್ಕೆ ಬಿದ್ದ ಪಾಕದ ಮೇಲೆ ಥೆಲ್ಮಾ ಬೆರಳಿಟ್ಟಿದ್ದ ಗುರುತು ಹಾಗೆಯೇ ನಿಂತಿತ್ತು. ಲೂಸಿಯನ್ ಸೌತೆಕಾಯಿಯನ್ನು ಅರ್ಧಕ್ಕೇ ಬಿಟ್ಟು ಎದ್ದ. ಪಾಕವನ್ನು ಇನ್ನಷ್ಟು ಕಾಯಿಸಿ ಕಲ್ಲಿನಂತೆ ಗಟ್ಟಿಯಾಗುವ ಹದಕ್ಕೆ ತಂದು, ಎರಡು ಹಿಡಿಕೆಗಳಿಗೆ ಒಂದಂಗುಲ ದಪ್ಪ ಮೆತ್ತಿದ. ಬೆಚ್ಚಗಿರುವಾಗಲೇ ಹೆಂಡತಿಯ ಮುಂದೆ ಚಾಚಿದ.

"ಗವಸು ಹಾಕ್ಕೊಂಡು ಇದನ್ನ ಒಂದು ನಿಮಿಷ ಗಟ್ಟಿಯಾಗಿ ಹಿಡ್ಕೋ."

"ಯಾಕೆ?"

"ಸುಮ್ನೆ."

"ನೀನು ಸುಮ್ನೆ ಅಂದಾಗೆಲ್ಲ ನಮಗೆ ಏನಾದ್ರೂ ಒಂದು ಹೊಸದಾಗಿ ಕೊಳ್ಳೋ ಹಾಗಾಗುತ್ತೆ," ಎನ್ನುತ್ತಲೇ ಹಿಡಿದಳು. ನೋವಿನ ಕೈಯಾದರೂ ಅಚ್ಚು ಚೆನ್ನಾಗಿ ಆಳವಾಗಿಯೇ ಮೂಡಿತು. ಹೊರಗಿಟ್ಟ ಹಿಡಿಕೆಗಳು ಬೆಳಗಾಗುವುದರೊಳಗೆ ಗಾಜಿನಂತೆ ಗಟ್ಟಿಯಾದವು. ಸಕ್ಕರೆಯೊಂದಿಗೇ ಬೆಳೆದ ಮನುಷ್ಯನಿಗೆ ಸಕ್ಕರೆಯ ಗುಣ ಮರೆತುಹೋಗಿದ್ದು ಮಾತ್ರ ಅಲ್ಲಿಯೇ.

ಶನಿವಾರ ಮಧ್ಯಾಹ್ನ ಕೊಪ್ಪರಿಗೆ ಭರದಿಂದ ಕುದಿಯುತ್ತಿತ್ತು. ಥೆಲ್ಮಾಳಿಗೆ ಒಪ್ಪಿಸುವ ಮುನ್ನ ಗುಟ್ಟಾಗಿ ಒಂದು ತಾಲೀಮು ನಡೆಸಬೇಕೆಂದು ಲೂಸಿಯನ್‌ಗೆ ಆಸೆ.

"ನೀನು ಮನೆಗೆ ಹೋಗಿ ಡೋನಟ್ ತಗೊಂಡ್ ಬಾ. ಕೊಪ್ಪರಿಗೆ ನಾನು ನೋಡ್ಕೋತೀನಿ."

"ನೊರೆ ಉಕ್ಕಿದ್ರೆ ಒಂದು ತೊಟ್ಟು ಕೆನೆ ಹಾಕು. ಶೀಸೆ ಮೇಲಿನ ಹಲಗೆಯಲ್ಲಿದೆ."

"ನಾನು ಹುಟ್ಟಿದ್ದೇ ನೊರೆಯಲ್ಲಿ. ಹೋಗು."

ಅವಳು ಮರೆಯಾದದ್ದೇ ತಡ, ಅಂಗಳದಲ್ಲಿದ್ದ ಎರಡು ತುಂಬಿದ ಬಕೆಟ್ಟಿಗೆ ಹಿಡಿಕೆ ಸಿಕ್ಕಿಸಿದ. ಅವಳ ಗವಸಿನ ಅಚ್ಚು ಅವನ ಬರಿಗೈಗೆ ಅಳತೆ ಕೊಟ್ಟಂತೆ ಕೂತಿತು. ನಲವತ್ತು ನಲವತ್ತು ಪೌಂಡಿನ ಬಕೆಟ್ಟುಗಳು ಹೂವಿನ ಬುಟ್ಟಿಯಂತೆ ಎದ್ದವು. ಲೂಸಿಯನ್ ವಿಜಯಿಯಾಗಿ ಪಾಕದ ಮನೆ ಹೊಕ್ಕು, ರಸವನ್ನು ತೊಟ್ಟಿಗೆ ಸುರಿಯುವ ಮುನ್ನ ಒಲೆಯ ಮುಂದೆ, ಹಬೆಯ ನಡುವೆ, ಕ್ಷಣಕಾಲ ನಿಂತು ತನ್ನನ್ನು ತಾನೇ ಮೆಚ್ಚಿಕೊಂಡ.

ಆ ಕ್ಷಣ ಸ್ವಲ್ಪ ಉದ್ದವಾಯಿತು. ಹಬೆ ತಗುಲಿ ಹಿಡಿಕೆ ಕರಗಿ, ಬೆರಳ ಸಂದಿಗೆಲ್ಲ ಅಂಟಂಟಾಗಿ ಇಳಿಯಿತು. ಕೊಂಡಿಯೊಳಕ್ಕೂ ಇಳಿಯಿತು. ಕರಗಿದ್ದಕ್ಕೆ ಚಳಿಯೇ ಮದ್ದೆಂದು ಲೂಸಿಯನ್ ಬಕೆಟ್ ಸಮೇತ ಬಾಗಿಲಾಚೆ ಹೋಗಿ ನಿಂತ. ಮದ್ದು ಚೆನ್ನಾಗಿಯೇ ಕೆಲಸ ಮಾಡಿತು: ಪಾಕ ಮತ್ತೆ ಕಲ್ಲಾಯಿತು, ಈ ಸಲ ಅವನ ಹತ್ತು ಬೆರಳನ್ನೂ ಒಳಗಿಟ್ಟುಕೊಂಡು. ಬಕೆಟ್ಟಿನಿಂದ ಹಿಡಿಕೆ ಕಳಚಲಿಲ್ಲ, ಹಿಡಿಕೆಯಿಂದ ಕೈ ಕಳಚಲಿಲ್ಲ. ಅದೇ ಹೊತ್ತಿಗೆ ಒಳಗಡೆ ಕೊಪ್ಪರಿಗೆಯ ನೊರೆ ಏಳತೊಡಗಿತು.

ಓಡಿಬಂದ. ಬಕೆಟ್ ನೆಲಕ್ಕಿಟ್ಟರೆ ಸೊಂಟ ಬಗ್ಗುತ್ತದೆ, ಹಲಗೆ ಎಟುಕುವುದಿಲ್ಲ. ಎತ್ತಿಕೊಂಡರೆ ಕೆನೆಯ ಶೀಸೆ ಹಿಡಿಯಲು ಕೈಯಿಲ್ಲ. ಬಕೆಟ್ ಒದ್ದು ಉರುಳಿಸಿ ರಸ ಚೆಲ್ಲಿದ್ದರೆ ಹಗುರವಾಗುತ್ತಿತ್ತು, ಆದರೆ ಮೇಪಲ್ ರಸವನ್ನು ಬೇಕೆಂದೇ ನೆಲಕ್ಕೆ ಚೆಲ್ಲುವುದು ಆ ಗುಡ್ಡದಲ್ಲಿ ಯಾರ ಕೈಯಿಂದಲೂ ಆಗದ ಕೆಲಸ. ಶೀಸೆಯನ್ನು ಹಲ್ಲಿನಿಂದ ಕಚ್ಚಿ ಎಳೆದ. ಅದು ಬೆಂಚಿನ ಮೇಲೆ ಬಿದ್ದು ಉರುಳಿತು. ಮುಚ್ಚಳ ಬಿಗಿಯಾಗಿತ್ತು, ಬಿಗಿದವನು ಅವನೇ. ನೊರೆ ಅಂಚು ಮುಟ್ಟಿತು.

"ಥೆಲ್ಮಾ! ಕೊಪ್ಪರಿಗೆ ಹೋಯ್ತು, ಬೇಗ ಬಾರೇ!"

ಅಷ್ಟರಲ್ಲಿ ಬಾಗಿಲಿಗೆ ಬಂದಿದ್ದ ಥೆಲ್ಮಾ ಡೋನಟ್ ತಟ್ಟೆಯನ್ನು ಬೆಂಚಿಗಿಟ್ಟು, ಗಂಡನ ಅವತಾರವನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದಳು. ಶೀಸೆ ಎತ್ತಿ ಮುಚ್ಚಳವನ್ನು ಒಂದೇ ತಿರುವಿಗೆ ತೆಗೆದು, ಬೆರಳಿನಿಂದ ಒಂದು ತೊಟ್ಟು ಕೆನೆ ಕೊಪ್ಪರಿಗೆಗೆ ಚಿಮುಕಿಸಿದಳು. ನೊರೆ ತೆಪ್ಪಗೆ ಕುಸಿಯಿತು. ಆಮೇಲೆ ಒಂದು ಬಟ್ಟೆಯನ್ನು ಬಿಸಿನೀರಿಗೆ ಅದ್ದಿ, ಸ್ಟೂಲಿನ ಮೇಲೆ ಕೂತು, ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸತೊಡಗಿದಳು. ಎರಡು ಬೆರಳು ಬಿಟ್ಟವು.

"ಥೆಲ್ಮಾ, ಆ ಮುಚ್ಚಳ ನಾನು ಬಿಗಿದದ್ದು."

"ಗೊತ್ತು."

"ಮಣಿಕಟ್ಟು ನೋವು ಅಂದ್ಯಲ್ಲ?"

"ನನ್ನ ಮಣಿಕಟ್ಟಿಗೇನಾಗಿದೆ? ಗಟ್ಟಿಯಾಗಿದೆ. ಪೈಪ್ ಹಾಕಿಸೋಣ ಅಂದದ್ದು ನಿನ್ನ ಬೆನ್ನಿಗೋಸ್ಕರ."

"ನನ್ನ ಬೆನ್ನಿಗೇನು ಧಾಡಿ?"

"ಮೂರು ಮರಕ್ಕೊಂದು ಸಲ ಕೂತ್ಕೋತೀಯ."

"ಅದು ಲೇಸ್ ಕಟ್ಕೊಳ್ಳೋಕೆ ಕಣೇ."

ಥೆಲ್ಮಾ ಬಟ್ಟೆ ಹಿಂಡುವುದನ್ನು ನಿಲ್ಲಿಸಿದಳು. "ಲೂಸಿಯನ್, ಒಂದ್ಸಲ ನಿನ್ನ ಕಾಲು ನೋಡ್ಕೋ."

ನೋಡಿಕೊಂಡ. ಮಂಡಿಯವರೆಗೆ ಕಪ್ಪು ರಬ್ಬರ್ ಬೂಟು. ಹುಡುಕಿದರೂ ಅದರಲ್ಲಿ ಲೇಸು ತೂರಿಸುವ ಒಂದು ತೂತೂ ಇರಲಿಲ್ಲ.

"ಎರಡು ವರ್ಷದಿಂದ ಇಲ್ಲದ ಲೇಸನ್ನ ಕಟ್ತಿದ್ದೀಯ. ಬೆನ್ನು ನೋವು ಅಂತ ನೀನಂತೂ ಸಾಯೋವರೆಗೂ ಒಪ್ಪಲ್ಲ. ನನಗೆ ನೋವು ಅಂದ್ರೆ ಒಪ್ಕೊಂಡು ಪೈಪ್ ಹಾಕಿಸ್ತೀಯ ಅಂದ್ಕೊಂಡೆ. ನೀನು ನೋಡಿದ್ರೆ ಹಿಡಿಕೆ ಕೆತ್ತೋಕೆ ಕೂತೆ, ಪುಣ್ಯಾತ್ಮ."

"ನನಗೆ ಬಕೆಟ್ ಬೇಕಾಗಿರ್ಲಿಲ್ಲ ಥೆಲ್ಮಾ," ಎಂದ ಲೂಸಿಯನ್, ಬೂಟಿನ ಮೇಲಿನ ಕಣ್ಣು ತೆಗೆಯದೆ. "ನಿನ್ನ ಜೊತೆ ನಡೆಯೋದು ಬೇಕಿತ್ತು. ಪೈಪ್ ಬಂದ್ರೆ ನೀನು ಬರಲ್ಲ ಅಂತ ಭಯ ಆಯ್ತು."

ಅವಳ ಕೈಯಲ್ಲಿದ್ದ ಅವನ ಹೆಬ್ಬೆರಳು ಯಾವಾಗಲೋ ಬಿಟ್ಟುಕೊಂಡಿತ್ತು. ಅವಳು ಅದನ್ನು ಇನ್ನೂ ಸ್ವಲ್ಪ ಹೊತ್ತು ಒರೆಸಿದಳು.

"ಇದನ್ನ ಬಾಯಲ್ಲಿ ಹೇಳೋಕಾಗ್ತಿರ್ಲಿಲ್ವಾ? ಮರ ಕೆತ್ತಬೇಕಿತ್ತಾ?"

ಮನುಕುಲದ ಭಾರ ಇಳಿಸಬೇಕಿದ್ದ ಹಿಡಿಕೆಗಳನ್ನು ಆ ಸಂಜೆ ಸುತ್ತಿಗೆಯಿಂದ ಕುಟ್ಟಿ, ಸಕ್ಕರೆಯನ್ನು ಸೌತೆಕಾಯಿಯ ಜೊತೆ ತಿಂದು ಮುಗಿಸಿದರು. ಪೈಪಿನ ಮಾತನ್ನು ಮುಂದಿನ ವರ್ಷಕ್ಕೆ ನೋಡೋಣ ಎಂದು ಬಿಟ್ಟರು.

ಮರುದಿನ ಬೆಳಿಗ್ಗೆ ಒಂದೇ ಬಕೆಟ್, ಅದೂ ಅರ್ಧ. ಅದರ ತಂತಿಯೊಳಗೆ ಒಂದು ಕೋಲು ತೂರಿಸಿ ಮುಂದಿನ ತುದಿಯನ್ನು ಲೂಸಿಯನ್ ಹಿಡಿದ, ಹಿಂದಿನದನ್ನು ಥೆಲ್ಮಾ. ಗುಟ್ಟು ರಟ್ಟಾದ ಮೇಲೆ ಇನ್ನು ಬಗ್ಗಿ ಕೂರುವುದುಂಟೇ? ಲೂಸಿಯನ್ ಹಲ್ಲು ಕಚ್ಚಿಕೊಂಡು ಒಂದನೆಯ ಮರ ದಾಟಿದ, ಎರಡನೆಯದನ್ನೂ ದಾಟಿದ. ಮೂರನೆಯ ಮರದ ಹತ್ತಿರ ಬೆನ್ನು ಚಳಕ್ ಎಂದರೂ ನಿಲ್ಲಲಿಲ್ಲ.

"ತಾಳು ಮಾರಾಯ," ಎಂದಳು ಥೆಲ್ಮಾ ಹಿಂದಿನಿಂದ. "ಲೇಸ್ ಬಿಚ್ಕೊಂಡಿದೆ."

ಕೋಲು ಇಳಿಸಿ ತಿರುಗಿ ನೋಡಿದ. ಥೆಲ್ಮಾ ಹಿಮದಲ್ಲಿ ಬಗ್ಗಿ ಕೂತು, ತನ್ನ ಮಂಡಿಯುದ್ದದ ರಬ್ಬರ್ ಬೂಟಿನ ಮೇಲೆ ಬಲು ಶ್ರದ್ಧೆಯಿಂದ ಬೆರಳಾಡಿಸುತ್ತಿದ್ದಳು.

ಲೂಸಿಯನ್ ಮರಕ್ಕೆ ಬೆನ್ನು ಒರಗಿಸಿದ.

"ನಿಧಾನಕ್ಕೆ ಕಟ್ಕೋ," ಎಂದ. "ಎರಡು ಗಂಟು ಹಾಕು."