ಒದೆತಕ್ಕೆ ಬಗ್ಗದ ಬಾಗಿಲು

ದಿನಕ್ಕೊಂದು ಬಾಗಿಲು ಮಾಡುವುದು, ಅದನ್ನು ಒದೆಸಿಕೊಳ್ಳುವುದು: ಬಡಗಿಯ ನೌಕರಿ ಇಷ್ಟೇ. ಊರೊಳಗಿನ ಕಾಳಗ ಕಲಿಯಲು ವಿಶೇಷ ಪಡೆಯವರು ಮೈದಾನದಲ್ಲೊಂದು ಸುಳ್ಳು ಮನೆ ಕಟ್ಟಿಕೊಂಡಿದ್ದರು. ಅದರೊಳಗೆ ಮನೆಯವನ ಹಾಗೆ ಕೂರುವವನೂ ಬಡಗಿಯೇ. ಸಿಪಾಯಿಗಳು ಬಾಗಿಲು ಮುರಿದು ನುಗ್ಗಿ, ಅವನನ್ನು ಕೆಡವಿ, ಕೈ ಕಟ್ಟಿ, ಆಮೇಲೆ "ಏಟು ಬಿತ್ತಾ ಮಾವ?" ಎಂದು ಮೈಯ ಧೂಳು ಕೊಡವುತ್ತಿದ್ದರು. ಹೆಂಡತಿ ಹೋದ ಮೇಲೆ ಅವನನ್ನು ಮುಟ್ಟಿ ಮಾತಾಡಿಸುತ್ತಿದ್ದವರು ಅವರಷ್ಟೇ.

ಆ ಬೆಳಿಗ್ಗೆ ಕವಾಯತು ಮೇಷ್ಟ್ರು ಮುರುಕು ಹಲಗೆಗಳ ರಾಶಿ ನೋಡಿ ಸಿಡುಕಿದರು. "ಇದೇನು ಬಾಗ್ಲೋ, ಬೆಂಕಿಪೆಟ್ಟಿಗೆಯೋ? ಇವತ್ತು ದೊಡ್ಡ ಸಾಹೇಬ್ರು ಬರ್ತಾರೆ. ಬಾಗ್ಲು ನಾಳೆಗೂ ಉಳೀಬೇಕು. ಇಲ್ಲಾಂದ್ರೆ ನೀನು ಉಳಿಯಲ್ಲ."

ಬಡಗಿಗೆ ಪಿತ್ತ ನೆತ್ತಿಗೇರಿತು. ಒದೆಯುವವರು ಅವರು, ಬೈಗುಳ ತನಗೆ! ಇದ್ದುದರಲ್ಲೇ ದಪ್ಪ ಹಲಗೆ ಆರಿಸಿ, ಬಾಗಿಲು ಹೊರಕ್ಕೆ ತೆರೆಯುವಂತೆ ಕೂರಿಸಿಬಿಟ್ಟ.

ಮೊದಲನೆಯವನು ಒದ್ದ. ಬಾಗಿಲು ಮೊಂಡು ಕೋಣದಂತೆ ನಿಂತಿತ್ತು. ಎರಡನೆಯವನು ಮಂಡಿ ಹಿಡಿದು ಕೂತ. ಮೂರನೆಯವನು ಓಡಿಬಂದು ಗುದ್ದಿ, ಹಿಂದಿದ್ದ ನಾಲ್ವರ ಮೇಲೆ ಚೆಂಡಿನಂತೆ ಪುಟಿದ. ತಡೆಯಲಾಗದೆ ಬಡಗಿ ಒಳಗಿನಿಂದಲೇ ಕೂಗಿದ.

"ಒದೀಬೇಡ್ರಪ್ಪ, ಚಿಲಕಾನೇ ಹಾಕಿಲ್ಲ. ನಿಮ್ ಕಡೆಗೆ ಎಳ್ಕೊಳ್ಳಿ ಸಾಕು."

ಹೊರಗಿನಿಂದ ತಂಡದ ಮುಖಂಡನ ದನಿ: "ಒಳಗಿನವನ ಮಾತು ನಂಬಬಾರ್ದು. ನಿಯಮ ಹನ್ನೊಂದು. ಒದೀರಿ."

ಒದ್ದರು.

ಆ ಪಡೆಯ ನಿಯಮಗಳೆಲ್ಲ ಹುಟ್ಟಿದ್ದೇ ಹೀಗೆ. ಇಬ್ಬರು ಹೊಸ್ತಿಲಲ್ಲಿ ತಲೆ ಗುದ್ದಿಕೊಂಡಾಗ, ಮೊದಲನೆಯವನು ಎಡಕ್ಕೆ, ಎರಡನೆಯವನು ಬಲಕ್ಕೆ ಎಂದಾಯಿತು. ಒಮ್ಮೆ ಬಡಗಿ ತಮಾಷೆಗೆ "ಇಲ್ಲಿ ಯಾರೂ ಇಲ್ಲ" ಎಂದಿದ್ದಕ್ಕೆ ಹನ್ನೊಂದನೆಯದು ಬಂತು. ಯಾರೋ ಎಡವುವುದು, ಸಾಹೇಬರು ಬರೆದುಕೊಳ್ಳುವುದು.

ಏಳು ಜನರೂ ಕುಂಟತೊಡಗಿದಾಗ ದೊಡ್ಡ ಸಾಹೇಬರು ತಾವೇ ಬಂದು ಹಿಡಿಕೆ ಎಳೆದರು. ಬಾಗಿಲು ಬೆಣ್ಣೆಯಂತೆ ತೆರೆಯಿತು. ಬಡಗಿ ಎದ್ದು ನಿಂತ. ಸಾಹೇಬರು ಅವನ ಬೆನ್ನು ತಟ್ಟಿದರು.

"ಭೇಷ್. ನಿಜವಾದ ಕಾಳಗದಲ್ಲಿ ಬಾಗ್ಲ ಮುಂದೆ ಹೀಗೆ ಗುಂಪುಗೂಡಿದ್ರೆ ಏಳು ಹೆಣ ಬೀಳ್ತಿತ್ತು. ಕಣ್ಣು ತೆರೆಸಿದೆ ಕಣಯ್ಯ."

ಅಲ್ಲೇ ಹೊಸ ನಿಯಮ ಬರೆಸಿದರು: ಇನ್ನು ಯಾರೂ ಬಾಗಿಲಿನಿಂದ ಹೋಗತಕ್ಕದ್ದಲ್ಲ, ಗೋಡೆ ಒಡೆದೇ ನುಗ್ಗಬೇಕು. ಬಡಗಿಯ ಎದೆ ಉಬ್ಬಿತು. ಸಾಹೇಬರು ಮೇಷ್ಟ್ರ ಕಡೆ ತಿರುಗಿದರು.

"ನಾಳೆಯಿಂದ ಗಾರೆಯವನನ್ನ ಕರೆಸಿ. ಗೋಡೆ ಕಟ್ಟಿ, ಒಳಗೂ ಅವನೇ ಕೂತ್ಕೊಳ್ಲಿ. ಇವನನ್ನ ಕಳಿಸ್ಬಿಡಿ."

ಸಂಜೆ ಬಡಗಿ ತನ್ನ ಒಂಟಿ ಕೋಣೆಯಲ್ಲಿ, ಬಾಗಿಲನ್ನು ಹಾರುಹೊಡೆದು, ಸುಳ್ಳು ಮನೆಯಲ್ಲಿ ಕೂರುತ್ತಿದ್ದ ಹಾಗೆಯೇ ಅದಕ್ಕೆ ಬೆನ್ನು ಮಾಡಿ ಕುರ್ಚಿಯಲ್ಲಿ ಕೂತ. ಬಹಳ ಹೊತ್ತಿನ ಮೇಲೆ ಹೆಜ್ಜೆ ಸದ್ದಾಯಿತು. ಅವನ ಬೆನ್ನು ತಾನಾಗಿಯೇ ಸೆಟೆಯಿತು.

ಪಕ್ಕದ ಮನೆಯಾತ. ಪಾಪ, ಮುಚ್ಚಲು ಮರೆತಿರಬೇಕು ಎಂದುಕೊಂಡು, ಸದ್ದಾಗದಂತೆ ಬಾಗಿಲು ಎಳೆದುಕೊಂಡು ಹೊರಟುಹೋದ.