ಕಿವಿ ಇರುವ ನೀರು

ಚೆನ್ನೈನ ಕ್ರೋಂಪೇಟೆಯ ರಾಮದಾಸರಿಗೆ ವಿಜ್ಞಾನವೆಂದರೆ ಪ್ರಾಣ. ಅದು ಬೆಳಗಿನ ಟಿವಿಯಲ್ಲಿ, ಕೋಟಿನ ಮೇಲೆ ರುದ್ರಾಕ್ಷಿ ಧರಿಸಿ ಬರಬೇಕು, ಅಷ್ಟೇ. ಹಾಗೆ ಬಂದ ಮಹಾನುಭಾವರೊಬ್ಬರು ದೀಪಾವಳಿಯ ನೀರು ತುಂಬುವ ಹಬ್ಬದ ದಿನವೇ ಘೋಷಿಸಿದರು: ನೀರಿಗೆ ಕಿವಿಯಿದೆ. ಒಳ್ಳೆಯ ಮಾತು ಕೇಳಿದ ನೀರು ಸಕ್ಕರೆ ಕಾಯಿಲೆಯನ್ನೂ ವಾಸಿಮಾಡುತ್ತದೆ. ಬೈಗುಳ ಕೇಳಿದ ನೀರು ಅಣು ಅಣುವೂ ಮುದುಡಿ ವಿಷವಾಗುತ್ತದೆ. ವಿದೇಶದಲ್ಲಿ ಸಾಬೀತಾಗಿದೆ. (ಯಾವ ದೇಶವೆನ್ನುವಷ್ಟರಲ್ಲಿ ಜಾಹೀರಾತು ಬಂತು.)

"ಹೋದ ವಾರ ಹುಣಿಸೆಹಣ್ಣು ತಿಂದ್ರೆ ಮರೆವು ಬರತ್ತೆ ಅಂದ. ಈ ವಾರ ಅವನೇ ಹುಣಿಸೆ ಪೇಸ್ಟ್ ಮಾರ್ತಿದಾನೆ," ಎಂದರು ಹೆಂಡತಿ ಅಂಬುಜಾ. "ಪಾಪ, ಮರೆತಿರ್ಬೇಕು. ಏಳಿ, ನೀರಿನ ಲಾರಿ ಬರೋ ಹೊತ್ತಾಯ್ತು."

ಆ ವರ್ಷ ಮಳೆ ಕೈಕೊಟ್ಟು ಚೆನ್ನೈಗೆ ಲಾರಿಯೇ ಗಂಗೆಯಾಗಿತ್ತು. ಅಂಬುಜಾ ತವರಿನ ತಾಮ್ರದ ಹಂಡೆಯನ್ನು ಬೆಳಗಿ, ಕೊರಳಿಗೆ ಹೂ ಸುತ್ತಿ ಇಟ್ಟಿದ್ದರು. ಮದುವೆಯಾದಂದಿನಿಂದ ಈ ಹಬ್ಬಕ್ಕೆ ಅದು ಬರಿದಾಗಿ ಕೂತದ್ದೇ ಇಲ್ಲ.

"ಈ ಸಲ ನಾನೇ ತರ್ತೀನಿ," ಎಂದರು ರಾಮದಾಸರು. "ನೀನು ಹೋದ್ರೆ ಜಗಳ ಆಡಿ ನೀರನ್ನೆಲ್ಲ ವಿಷ ಮಾಡ್ತೀಯ."

ಲಾರಿಯ ಸುತ್ತ ಕುರುಕ್ಷೇತ್ರ ನಡೆದಿತ್ತು. ರಾಮದಾಸರು ಮಾತ್ರ ಪೈಪಿನತ್ತ ಬಾಗಿ, "ಬಾರಮ್ಮ ತಾಯಿ, ಎಷ್ಟು ಚೆಂದ ಹರೀತೀಯ," ಎನ್ನುತ್ತ ನಿಂತರು. ಯಾರ ಜೊತೆ ಮಾತೆಂದು ಕೆಳಮನೆಯ ಜಯಲಕ್ಷ್ಮೀ ತಮಿಳಿನಲ್ಲಿ ಕೇಳಿದಳು, "ಸಾರ್, ಯಾರ್‌ಕಿಟ್ಟೆ ಪೇಸ್ರೀಂಗ?"

"ತಣ್ಣಿಕಿಟ್ಟೆ," ಎಂದರು ಗಂಭೀರವಾಗಿ. ನೀರಿನ ಜೊತೆ ಮಾತಾಡುವವರನ್ನು ಕಾಯುವುದು ಬೇಡವೆಂದು ಅವಳು ತನ್ನ ಕೊಡಗಳನ್ನು ಅವರ ಮುಂದಕ್ಕೆ ತಳ್ಳಿದಳು. ಹಿಂದಿನವರೂ ತಳ್ಳಿದರು. ಜಗಳವಾಡಿದರೆ ಅಣು ಮುದುಡೀತೆಂದು ರಾಮದಾಸರು ಸರಿದು ಸರಿದು ಕೊಟ್ಟರು. ಅವರ ಸರದಿ ಬಂದಾಗ ಪೈಪು ಬುಸ್ಸೆಂದು ಗಾಳಿ ಬಿಟ್ಟಿತು.

ಖಾಲಿ ಕೊಡ ಕಂಡ ಅಂಬುಜಾ ಹಂಡೆಯನ್ನೊಮ್ಮೆ ನೋಡಿ, ಸೆರಗು ಸಿಕ್ಕಿಸಿ, ಪಕ್ಕದ ಬೀದಿಯ ಲಾರಿಗೆ ನಡೆದರು. ಡ್ರೈವರನ ವಂಶಾವಳಿಯೂ ಮಳೆಯ ದೇವರ ಯೋಗ್ಯತೆಯೂ ಕನ್ನಡ ತಮಿಳುಗಳಲ್ಲಿ ಮೂರನೇ ಮಹಡಿಗೆ ಕೇಳಿಸಿದವು. ನಡುವೆ ಗಂಡನ ಹೆಸರೂ ಬಂತು. ಸಂಜೆಗೆ ಹಂಡೆ ಕಂಠಮಟ್ಟ ತುಂಬಿತು. ಅಂಬುಜಾ ಕುಂಕುಮವಿಟ್ಟು ಕೈಮುಗಿದರು. ರಾಮದಾಸರಿಗೆ ಸಂತೋಷವೇ ಆಯಿತು, ಆದರೂ ಅನುಮಾನ.

"ಅದು ಬೈದು ತಂದ ನೀರು ಕಣೇ."

"ಹೌದು, ಒಂದು ಬೈಗುಳಾನೂ ಉಳಿಸ್ಕೊಂಡಿಲ್ಲ."

ರಾಮದಾಸರು ಯೋಚಿಸಿದರು. "ಚೆನ್ನಾಗಿ ಕಾಸಿದ್ರೆ ಬೈಗುಳೆಲ್ಲ ಆವಿಯಾಗಿ ಹೋಗತ್ತೆ."

"ಯಾರು ಹೇಳಿದ್ದು?"

"ವಿಜ್ಞಾನ."

ಮರುದಿನ ಬೆಳಿಗ್ಗೆ ರಾಮದಾಸರು ಹಬ್ಬದ ಸ್ನಾನಕ್ಕೆ ಮೈತುಂಬ ಎಣ್ಣೆ ಹಚ್ಚಿಕೊಂಡು ಬಚ್ಚಲ ಮಣೆಯ ಮೇಲೆ ಕುಳಿತರು. ನೀರು ಬರಲಿಲ್ಲ.

"ಇನ್ನೂ ಕಾಯ್ಲಿಲ್ವೇನೆ?"

"ಕಾದಿದೆ. ಬೈಗುಳ ಹೋಗ್ಲಿ ಅಂತ ನೋಡ್ತಿದೀನಿ. ಡ್ರೈವರಿಗೆ ಬೈದದ್ದೆಲ್ಲ ಆವಿಯಾಯ್ತು. ನಿಮಗೆ ಬೈದದ್ದು ತಳದಲ್ಲೇ ಕೂತಿದೆ."

ಎಣ್ಣೆ ಹುಬ್ಬಿನಿಂದಿಳಿದು ಕಣ್ಣು ಉರಿಯತೊಡಗಿತು.

"ತಳದಿಂದಲೇ ಮೊಗೆದು ಹುಯ್ಯೇ ಮಹರಾಯ್ತಿ," ಎಂದರು ರಾಮದಾಸರು.